ಮೇಜಿನ ಮೇಲಿದ್ದ ಗಡಿಯಾರ 30 ಮೀಟರ್ ಏರಿದ್ದು ಹೇಗೆ?

ವಾಯುಭಾರಮಾಪಕವುಳ್ಳ ಜಿಪಿಎಸ್ ಕ್ರೀಡಾ ಗಡಿಯಾರವೊಂದನ್ನು ಬೆಂಗಳೂರಿನ ಯಾವುದಾದರೂ ಮನೆಯ ಮೇಜಿನ ಮೇಲೆ ಇಡೀ ದಿನ ಅಲುಗಾಡಿಸದೆ ಇಟ್ಟು ನೋಡಬಹುದು. ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಿದ್ದರೆ, ಬೆಳಿಗ್ಗೆ ಹತ್ತು ಗಂಟೆಗೆ 905 ಮೀಟರ್ ಎಂದು ತೋರಿಸಿದ ಗಡಿಯಾರ ಸಂಜೆ ನಾಲ್ಕರ ವೇಳೆಗೆ 930ನ್ನು ದಾಟಿರುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಮತ್ತೆ ಕೆಳಗಿಳಿದು ಬೆಳಗಿನ ಅಂಕಿಯ ಆಸುಪಾಸಿಗೆ ಬಂದಿರುತ್ತದೆ. ಮೇಜು ಕದಲಿಲ್ಲ, ಮನೆ ಕದಲಿಲ್ಲ. ಗಡಿಯಾರ ಮಾತ್ರ ಹತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರವನ್ನು ಹತ್ತಿ ಇಳಿದಿದೆ!

ಹತ್ತಾರು ಸಾವಿರ ರೂಪಾಯಿ ತೆತ್ತು ಇಂಥ ಗಡಿಯಾರ ಕೊಂಡವರು ಇದನ್ನು ಕಂಡು ಗಾಬರಿಯಾಗುವುದು ಸಹಜ. ರಸೀದಿ ಹುಡುಕಿಕೊಂಡು ದುರಸ್ತಿ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ಪರೀಕ್ಷಿಸಿ ಯಾವ ದೋಷವೂ ಇಲ್ಲವೆಂದು ಹಿಂದಿರುಗಿಸುತ್ತಾರೆ. ವಿಚಿತ್ರವೆಂದರೆ ಇಬ್ಬರ ಮಾತೂ ನಿಜ. ಗಡಿಯಾರ ತೋರಿಸಿದ ಎತ್ತರ ತಪ್ಪು, ಆದರೆ ಗಡಿಯಾರ ಕೆಟ್ಟಿಲ್ಲ. ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರಿಗೆ ಇದು ಗೆಳೆಯರ ನಡುವಿನ ವಾಗ್ವಾದದ ವಿಷಯವಷ್ಟೇ ಆಗಿರಬಹುದು. ಮಂಜು ಮುಸುಕಿದ ಪಶ್ಚಿಮ ಘಟ್ಟದಲ್ಲಿ ದಾರಿಯ ತಿರುವನ್ನು ಎತ್ತರದ ಅಂಕಿಯಿಂದ ಗುರುತಿಸುವ ಚಾರಣಿಗನಿಗೆ, ಹಿಮಾಲಯದಲ್ಲಿ ಇಂದು ಎಷ್ಟು ಎತ್ತರದಲ್ಲಿ ಮಲಗಬೇಕೆಂದು ಲೆಕ್ಕ ಹಾಕುವವನಿಗೆ ಅದು ಅಷ್ಟು ಹಗುರವಾದ ಸಂಗತಿಯಲ್ಲ.

ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಭಾರವನ್ನು

ಇಂಥ ಗಡಿಯಾರದ ಒಡಲಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಒತ್ತಡ ಸಂವೇದಕ ಇರುತ್ತದೆ. ಹೊರಗಿನ ಗಾಳಿ ಅದನ್ನು ಎಷ್ಟು ಒತ್ತುತ್ತಿದೆ ಎಂಬುದಷ್ಟೇ ಅದಕ್ಕೆ ತಿಳಿಯುವುದು. ಮೇಲೇರಿದಂತೆ ತಲೆಯ ಮೇಲಿನ ಗಾಳಿಯ ಹೊರೆ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ಸಮುದ್ರ ಮಟ್ಟದಲ್ಲಿ ಸುಮಾರು ಎಂಟೂಕಾಲು ಮೀಟರ್ ಏರಿದರೆ ಒಂದು ಹೆಕ್ಟೋಪಾಸ್ಕಲ್ ಇಳಿಕೆ. ಬೆಂಗಳೂರಿನ ಎತ್ತರದಲ್ಲಿ ಅದೇ ಇಳಿಕೆಗೆ ಒಂಬತ್ತು ಮೀಟರ್ ಏರಬೇಕು. ಗಡಿಯಾರ ಈ ಲೆಕ್ಕವನ್ನು ತಿರುಗಿಸಿ ಒತ್ತಡದಿಂದ ಎತ್ತರವನ್ನು ಊಹಿಸುತ್ತದೆ. ಊಹೆ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ. ಏಕೆಂದರೆ ಒತ್ತಡ ಇಳಿಯಲು ಬೆಟ್ಟವನ್ನೇ ಏರಬೇಕೆಂದಿಲ್ಲ, ಹವೆ ಬದಲಾದರೂ ಸಾಕು.

ಮೇಜಿನ ಮೇಲಿನ ಗಡಿಯಾರಕ್ಕೆ ಆಗಿದ್ದು ಇದೇ. ಸಮುದ್ರಕ್ಕೆ ಇರುವಂತೆ ವಾಯುಮಂಡಲಕ್ಕೂ ಉಬ್ಬರವಿಳಿತಗಳಿವೆ. ಆದರೆ ಇದರ ಒಡೆಯ ಚಂದ್ರನಲ್ಲ, ಸೂರ್ಯ. ಮೇಲಿನ ಸ್ತರಗಳ ಓಝೋನ್ ಮತ್ತು ನೀರಾವಿ ಬಿಸಿಲಿಗೆ ಕಾಯುವುದರಿಂದ ಹುಟ್ಟುವ ಈ ಅಲೆ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಹೆಚ್ಚು, ಸಂಜೆ ನಾಲ್ಕು ಮತ್ತು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಡಿಮೆ. ಉಷ್ಣವಲಯದಲ್ಲಿ ಹಗಲಿನ ಈ ಏರಿಳಿತ ಮೂರರಿಂದ ನಾಲ್ಕು ಹೆಕ್ಟೋಪಾಸ್ಕಲ್‌ನಷ್ಟಿರುತ್ತದೆ. ಒಂಬತ್ತರಿಂದ ಗುಣಿಸಿದರೆ ಮೂವತ್ತು ಮೀಟರ್ ಸಿಕ್ಕೇಬಿಟ್ಟಿತು. ಧ್ರುವಗಳ ಕಡೆಗೆ ಸಾಗಿದಂತೆ ಈ ಅಲೆ ಕ್ಷೀಣಿಸುತ್ತದೆ. ಯುರೋಪಿನವರಿಗೆ ಇದು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಗಡಿಯಾರದ ಜೊತೆ ಬರುವ ಕೈಪಿಡಿಗಳು ಹವಾಮಾನ ಬದಲಾವಣೆಯ ಬಗ್ಗೆ ಎಚ್ಚರಿಸಿದರೂ ಪ್ರತಿದಿನ ತಪ್ಪದೆ ಬರುವ ಈ ಅಲೆಯ ಮಾತೆತ್ತದಿರುವುದಕ್ಕೆ ಬಹುಶಃ ಅದೇ ಕಾರಣ.

ಈ ತೊಡಕು ಹೊಸದಲ್ಲ. 1648ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತನ್ನ ಭಾವ ಫ್ಲೋರಿನ್ ಪೆರಿಯೆಯ ಕೈಯಲ್ಲಿ ಪಾದರಸದ ಕೊಳವೆಯೊಂದನ್ನು ಪ್ವಿ ದ ದೋಮ್ ಎಂಬ ಬೆಟ್ಟದ ತುದಿಗೆ ಹೊರಿಸಿದ. ಮೇಲೇರಿದಾಗ ಪಾದರಸ ಎಂಟು ಸೆಂಟಿಮೀಟರಿನಷ್ಟು ಇಳಿಯಿತು. ಎತ್ತರಕ್ಕೂ ಗಾಳಿಯ ಭಾರಕ್ಕೂ ಇರುವ ನಂಟು ಹಾಗೆ ಸಾಬೀತಾಯಿತು. ಆದರೆ ಪೆರಿಯೆ ಮಾಡಿದ ಜಾಣತನದ ಕೆಲಸ ಇನ್ನೊಂದಿದೆ. ಅಂಥದೇ ಮತ್ತೊಂದು ಕೊಳವೆಯನ್ನು ಆತ ಬೆಟ್ಟದ ಬುಡದ ಕ್ರೈಸ್ತ ಮಠವೊಂದರಲ್ಲಿ ನಿಲ್ಲಿಸಿ, ದಿನವಿಡೀ ಅದನ್ನು ಗಮನಿಸುವಂತೆ ಅಲ್ಲಿನ ಪಾದ್ರಿಯೊಬ್ಬರನ್ನು ಕೂರಿಸಿದ್ದ. ಬುಡದ ಕೊಳವೆಯಲ್ಲಿ ಬದಲಾವಣೆ ಕಾಣದಿದ್ದುದರಿಂದಲೇ ಮೇಲಿನ ಇಳಿಕೆ ಬೆಟ್ಟದ್ದೇ ಹೊರತು ಹವೆಯದಲ್ಲ ಎಂದು ಆತ ಧೈರ್ಯವಾಗಿ ಹೇಳಬಲ್ಲವನಾದ. ಇಂದಿನ ಗಡಿಯಾರದ ಬಳಿ ಆ ಎರಡನೆಯ ಕೊಳವೆ ಇಲ್ಲ. ಮನುಷ್ಯ ಮೇಲೇರಿದನೋ, ಗಾಳಿ ಹಗುರವಾಯಿತೋ ಎಂದು ಅದೊಂದೇ ನಿರ್ಧರಿಸಲಾರದು.

ಉಪಗ್ರಹಗಳನ್ನೇ ಕೇಳಬಾರದೇ?

ಜಿಪಿಎಸ್ ಇರುವಾಗ ಗಾಳಿಯ ಗೊಡವೆ ಏಕೆ ಎಂದು ಯಾರಿಗಾದರೂ ಅನಿಸೀತು. ಬಯಲಿನಲ್ಲಿ ನಿಂತ ಮೊಬೈಲ್ ಫೋನು ತನ್ನ ಸ್ಥಾನವನ್ನು ನಾಲ್ಕೈದು ಮೀಟರ್‌ಗಳ ಒಳಗೆ ಹೇಳಬಲ್ಲದು. ಆದರೆ ಅದು ಅಡ್ಡಡ್ಡ ನೆಲದ ಮೇಲಿನ ಮಾತು. ಎತ್ತರದ ತಪ್ಪು ಸಾಮಾನ್ಯವಾಗಿ ಅದರ ಒಂದೂವರೆಯಿಂದ ಮೂರು ಪಟ್ಟು. ಕಾರಣ ಸರಳ. ಪೂರ್ವದ ಉಪಗ್ರಹ ಒಂದು ಕಡೆಗೆ, ಪಶ್ಚಿಮದ್ದು ಇನ್ನೊಂದು ಕಡೆಗೆ ಇರುವುದರಿಂದ ಅಡ್ಡ ದಿಕ್ಕಿನ ತಪ್ಪುಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಎತ್ತರದ ವಿಷಯದಲ್ಲಿ ಎಲ್ಲ ಉಪಗ್ರಹಗಳೂ ತಲೆಯ ಮೇಲೆಯೇ. ಪಾದದ ಕೆಳಗಿನಿಂದ ಸಂಕೇತ ಕಳಿಸುವ ಉಪಗ್ರಹ ಒಂದೂ ಇಲ್ಲ, ಭೂಮಿಯೇ ಅಡ್ಡ ಬರುತ್ತದೆ. ಎತ್ತರದ ಕಟ್ಟಡಗಳ ನಡುವೆ, ಮೆಟ್ರೋ ಕಂಬಗಳ ಕೆಳಗೆ, ಮಲೆನಾಡಿನ ದಟ್ಟ ಮರಗಳ ಅಡಿಯಲ್ಲಿ ಸ್ಥಿತಿ ಇನ್ನೂ ಹದಗೆಡುತ್ತದೆ.

ಇದಕ್ಕಿಂತ ದೊಡ್ಡ ಗೊಂದಲವೊಂದು ದಕ್ಷಿಣ ಭಾರತದವರಿಗೇ ಮೀಸಲಾಗಿದೆ. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯನ್ನು ನಯವಾದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳವೆಂದು ಭಾವಿಸಿ. ನಿಜವಾದ ಸಮುದ್ರ ಮಟ್ಟ ಹಾಗಿಲ್ಲ. ಭೂಮಿಯ ಒಳಗಿನ ದ್ರವ್ಯರಾಶಿ ಎಲ್ಲೆಡೆ ಸಮನಾಗಿ ಹಂಚಿಕೆಯಾಗದ ಕಾರಣ ಗುರುತ್ವಾಕರ್ಷಣೆಯಲ್ಲಿ ಹೆಚ್ಚು ಕಡಿಮೆಯಾಗಿ, ಸಮುದ್ರ ಮಟ್ಟ ಕೆಲವೆಡೆ ಉಬ್ಬಿದೆ, ಕೆಲವೆಡೆ ತಗ್ಗಿದೆ. ಜಗತ್ತಿನಲ್ಲೇ ಅತ್ಯಂತ ಆಳವಾದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರ ಮಟ್ಟ ಆ ಕಾಲ್ಪನಿಕ ಗೋಳಕ್ಕಿಂತ 106 ಮೀಟರ್ ಕೆಳಗಿದೆ. ಅದರ ಕಾರಣವನ್ನು ಹುಡುಕಿದ ಒಂದು ಅಧ್ಯಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ ಅವರಿಂದ 2023ರಲ್ಲಿ ಹೊರಬಂತು. ಭೂಗರ್ಭದಲ್ಲಿ ಮೇಲೇಳುತ್ತಿರುವ, ಕಡಿಮೆ ಸಾಂದ್ರತೆಯ ಬಿಸಿ ದ್ರವ್ಯ ಇದರ ಹಿಂದಿದೆ ಎಂದು ಅವರು ತೋರಿಸಿದರು.

ಈ ತಗ್ಗಿನ ಇಳಿಜಾರು ಕರ್ನಾಟಕದವರೆಗೂ ಚಾಚಿದೆ. ರಾಜ್ಯದ ದಕ್ಷಿಣ ಭಾಗದಲ್ಲಿ ವ್ಯತ್ಯಾಸ 80ರಿಂದ 90 ಮೀಟರ್. ಗಡಿಯಾರಗಳು ಈ ವ್ಯತ್ಯಾಸವನ್ನು ಒಳಗಿನ ಕೋಷ್ಟಕ ನೋಡಿ ಸರಿಪಡಿಸಿಕೊಂಡು ಸಮುದ್ರ ಮಟ್ಟದ ಎತ್ತರವನ್ನೇ ತೋರಿಸುತ್ತವೆ. ಆದರೆ ಆಂಡ್ರಾಯ್ಡ್ ಫೋನುಗಳ ಹಲವು ಉಚಿತ ಅಪ್ಲಿಕೇಷನ್‌ಗಳು ಹಾಗೆ ಮಾಡದೆ ಕಚ್ಚಾ ಅಂಕಿಯನ್ನೇ ಮುಂದಿಡುತ್ತವೆ. ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ನಿಂತವರಿಗೆ ಮೈನಸ್ 80ಕ್ಕೂ ಕೆಳಗಿನ ಅಂಕಿ ಕಾಣುತ್ತದೆ, ಬೆಂಗಳೂರಿಗರಿಗೆ ಊರು 830ರ ಸುಮಾರಿನಲ್ಲಿ ಇರುವಂತೆ ತೋರುತ್ತದೆ. ಫೋನನ್ನು ನಂಬಿ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಂಡವರು ಸರಿಯಿದ್ದ ಗಡಿಯಾರವನ್ನು ಕೈಯಾರೆ ಕೆಡಿಸಿದಂತಾಯಿತು. ಎತ್ತರದ ಅಂಕಿ ಎಲ್ಲೆಡೆಯೂ 80-90 ಮೀಟರ್ ಕಡಿಮೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ವಾಯುಭಾರಮಾಪಕವಿರುವ ಗಡಿಯಾರಗಳು ಸಾಮಾನ್ಯವಾಗಿ ಎರಡನ್ನೂ ಬೆರೆಸಿ ನಡೆಯುತ್ತವೆ. ಗಾಳಿಯ ಒತ್ತಡ ಒಂದೆರಡು ಅಡಿಯ ಏರಿಳಿತವನ್ನೂ ಕೂಡಲೇ ಹಿಡಿಯುತ್ತದೆ, ಆದರೆ ಗಂಟೆಗಳು ಉರುಳಿದಂತೆ ದಾರಿ ತಪ್ಪುತ್ತದೆ. ಜಿಪಿಎಸ್ ಕ್ಷಣಕ್ಷಣಕ್ಕೂ ಹೊಯ್ದಾಡುತ್ತದೆ, ಆದರೆ ದೀರ್ಘಕಾಲದ ಸರಾಸರಿಯಲ್ಲಿ ನೆಲೆ ತಪ್ಪುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು. ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ವಾಯುಭಾರಮಾಪಕ ಇರುವುದೇ ಇಲ್ಲ. ಅಂಥವುಗಳ ಎತ್ತರದ ಬಗ್ಗೆ ದೂರುವ ಮೊದಲು ಪೆಟ್ಟಿಗೆಯ ಮೇಲಿನ ವಿವರವನ್ನೊಮ್ಮೆ ಓದುವುದು ಒಳಿತು.

ಬಿಸಿ ಗಾಳಿಯ ತೆರಿಗೆ

ಚಾರಣಿಗರಿಗೆ ಅಷ್ಟಾಗಿ ಗೊತ್ತಿಲ್ಲದ, ಆದರೆ ವಿಮಾನ ಚಾಲಕರು ತರಬೇತಿಯಲ್ಲೇ ಕಲಿಯುವ ಇನ್ನೊಂದು ಸಂಗತಿಯಿದೆ. ಒತ್ತಡವನ್ನು ಎತ್ತರವಾಗಿ ಬದಲಿಸುವ ಸೂತ್ರ ಒಂದು ಆದರ್ಶ ವಾತಾವರಣವನ್ನು ಕಲ್ಪಿಸಿಕೊಳ್ಳುತ್ತದೆ. ಅದರಲ್ಲಿ ಸಮುದ್ರ ಮಟ್ಟದ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್. ಮೇಲೆ ಹೋದಂತೆ ಕಿಲೋಮೀಟರಿಗೆ ಆರೂವರೆ ಡಿಗ್ರಿ ಇಳಿಕೆ. ಕರಾವಳಿಯಲ್ಲಿ 15 ಡಿಗ್ರಿ ಎಂಬುದು ಕನಸಿನ ಮಾತು. ಅಲ್ಲಿನ ಗಾಳಿ ಬಿಸಿಯಾಗಿ ಹಿಗ್ಗಿರುವುದರಿಂದ ಅದೇ ಪ್ರಮಾಣದ ಒತ್ತಡ ಇಳಿಯಲು ಹೆಚ್ಚು ಎತ್ತರ ಏರಬೇಕಾಗುತ್ತದೆ. ಗಡಿಯಾರಕ್ಕೆ ಅದು ತಿಳಿಯದು. ಹೀಗಾಗಿ ಬಿಸಿ ಹವೆಯಲ್ಲಿ ಅದು ಏರಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಆದರ್ಶಕ್ಕಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ ಸುಮಾರು ಶೇಕಡ ನಾಲ್ಕರಷ್ಟು ನಷ್ಟ.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಯವರೆಗಿನ ಏರು 1,500 ಮೀಟರಿಗೂ ಮಿಕ್ಕಿದ್ದು. ಗಾಳಿ ಆದರ್ಶಕ್ಕಿಂತ ಹದಿನೈದು ಡಿಗ್ರಿ ಬೆಚ್ಚಗಿರುವ ದಿನ ಬುಡದಲ್ಲಿ ಸರಿಯಾಗಿ ಹೊಂದಿಸಿದ ಗಡಿಯಾರವೂ, ಕೇವಲ ಗಾಳಿಯನ್ನು ನೆಚ್ಚಿದ್ದರೆ, ತುದಿಯಲ್ಲಿ 75-80 ಮೀಟರ್ ಕಡಿಮೆ ಹೇಳುತ್ತದೆ. ಕೆಳಗಿಳಿದು ಬಂದಾಗ ಮತ್ತೆ ಸರಿಯಾದ ಅಂಕಿ! ಕೈಗಡಿಯಾರದಲ್ಲಿ ಉಷ್ಣಮಾಪಕವೂ ಇರುತ್ತದಲ್ಲ, ಅದರಿಂದ ಸರಿಪಡಿಸಬಾರದೇ ಎಂದರೆ, ಅದು ಅಳೆಯುವುದು ಬಹುಪಾಲು ಮೈಯ ಶಾಖವನ್ನು. ಬುಡದಿಂದ ತುದಿಯವರೆಗಿನ ಗಾಳಿಯ ಕಂಬ ಎಷ್ಟು ಬಿಸಿಯಾಗಿದೆ ಎಂಬುದು ಮಣಿಕಟ್ಟಿಗೆ ಕಟ್ಟಿದ ಉಪಕರಣಕ್ಕೆ ಹೇಗೆ ತಿಳಿದೀತು? ದಾರಿಯ ನಡುವೆ ಎತ್ತರ ತಿಳಿದಿರುವ ಸ್ಥಳದಲ್ಲಿ ಮತ್ತೊಮ್ಮೆ ಹೊಂದಿಸಿಕೊಳ್ಳುವುದೊಂದೇ ಉಪಾಯ.

ಮುಚ್ಚಿದ ರಂಧ್ರ

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಡಿಯಾರದ ದೋಷವಲ್ಲ. ನಿಜವಾಗಿ ಕೈಕೊಡುವ ಭಾಗ ಯಾವುದೆಂದರೆ ಗಡಿಯಾರದ ಬದಿಯಲ್ಲೋ ಬೆನ್ನಿನಲ್ಲೋ ಇರುವ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು. ಹೊರಗಿನ ಗಾಳಿ ಸಂವೇದಕವನ್ನು ತಲುಪುವುದು ಅವುಗಳ ಮೂಲಕವೇ. ಬೆವರಿನ ಉಪ್ಪು, ಧೂಳು, ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು, ಸಾಬೂನಿನ ಜಿಡ್ಡು ಸೇರಿ ಅಲ್ಲಿ ಬಿರಟೆಯಂತೆ ಗಟ್ಟಿಯಾಗುತ್ತದೆ. ಆಗ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗಿನದರ ಜೊತೆ ಸಂಪರ್ಕ ಕಳೆದುಕೊಂಡು, ಮೈಯ ಶಾಖಕ್ಕೆ ಹಿಗ್ಗುತ್ತ ತಂಪಿಗೆ ಕುಗ್ಗುತ್ತ ತನ್ನದೇ ಎತ್ತರವನ್ನು ಹೇಳತೊಡಗುತ್ತದೆ. ಮಳೆಯಲ್ಲಿ ಓಡುವಾಗ ಒಂದು ಹನಿ ನೀರು ರಂಧ್ರದ ಬಾಯಿಗೆ ಪೊರೆ ಕಟ್ಟಿದರೂ ಇದೇ ಕಥೆ. ನಕ್ಷೆಯಲ್ಲಿ ಗರಗಸದ ಹಲ್ಲುಗಳಂತೆ ಏರಿಳಿತ ಕಂಡರೆ, ಇಲ್ಲವೇ ನೂರಾರು ಮೀಟರಿನ ಕಡಿದಾದ ಬಂಡೆಗಳು ಮೂಡಿದ್ದರೆ ಸಂಶಯ ಬೇಡ, ರಂಧ್ರ ಮುಚ್ಚಿದೆ.

ಪರಿಹಾರಕ್ಕೆ ಖರ್ಚಿಲ್ಲ. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರಾವಣದ ಒಂದೆರಡು ಹನಿ ಬೆರೆಸಿ ಗಡಿಯಾರವನ್ನು ಕೆಲವು ನಿಮಿಷ ನೆನೆಸಿ, ನಲ್ಲಿಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಗಡಿಯಾರ ಜಲನಿರೋಧಕವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಸೂಜಿ, ಪಿನ್ನು, ಹಲ್ಲುಕಡ್ಡಿ ತುರುಕುವುದಂತೂ ಸಲ್ಲದು. ರಂಧ್ರದ ಹಿಂದೆ ಇರುವ ತೆಳು ಪೊರೆ ಹರಿದರೆ ಆಮೇಲೆ ದುರಸ್ತಿ ಕೇಂದ್ರವೇ ಗತಿ. ಒತ್ತಡದ ಗಾಳಿ ಊದುವುದೂ ಅಷ್ಟೇ ಅಪಾಯ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಗಡಿಯಾರ ಕಟ್ಟಿದ ಕೈಯನ್ನು ಬಕೆಟ್ ನೀರಿನಲ್ಲಿ ಕೇವಲ ಹತ್ತು ಸೆಂಟಿಮೀಟರ್ ಆಳಕ್ಕೆ ಅದ್ದಿದರೆ ನೀರಿನ ಭಾರಕ್ಕೆ ಒತ್ತಡ ಸುಮಾರು ಹತ್ತು ಹೆಕ್ಟೋಪಾಸ್ಕಲ್ ಏರಿ, ಎತ್ತರ 80 ಮೀಟರಿಗೂ ಹೆಚ್ಚು ಕುಸಿದಂತೆ ಕಾಣುತ್ತದೆ. ವಿಮಾನದಲ್ಲಿ ಇದರ ತದ್ವಿರುದ್ಧ. ಹತ್ತು ಕಿಲೋಮೀಟರ್ ಮೇಲೆ ಹಾರುತ್ತಿದ್ದರೂ ಗಡಿಯಾರ 2,000 ಮೀಟರಿನ ಸುತ್ತಮುತ್ತ ಇರುತ್ತದೆ, ಏಕೆಂದರೆ ಪ್ರಯಾಣಿಕರು ಉಸಿರಾಡಲೆಂದು ಒಳಗಿನ ಗಾಳಿಯನ್ನು ಆ ಮಟ್ಟದ ಒತ್ತಡದಲ್ಲಿ ಇಟ್ಟಿರುತ್ತಾರೆ. ಇಳಿಜಾರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಸೈಕಲ್ ಸವಾರನ ಗಡಿಯಾರದ ರಂಧ್ರಕ್ಕೆ ನೇರವಾಗಿ ಗಾಳಿ ಬಡಿದರೆ ಐದಾರು ಮೀಟರ್ ವ್ಯತ್ಯಾಸವಾಗುತ್ತದೆ. ಸುರಂಗದಲ್ಲಿ ಮೆಟ್ರೋ ರೈಲು ನುಗ್ಗುವಾಗಿನ ಗಾಳಿಯ ತಳ್ಳಾಟವನ್ನೂ ಕೆಲವು ಗಡಿಯಾರಗಳು ಮೆಟ್ಟಿಲು ಹತ್ತಿದ ಲೆಕ್ಕಕ್ಕೆ ಸೇರಿಸಬಹುದು.

ನಕ್ಷೆಯೂ ತಪ್ಪುತ್ತದೆ

ಓಟ ಮುಗಿಸಿ ಗಡಿಯಾರದ ದಾಖಲೆಯನ್ನು ಸ್ಟ್ರಾವಾದಂಥ ತಾಣಕ್ಕೆ ಏರಿಸಿದಾಗ ಎತ್ತರದ ಅಂಕಿ ಬದಲಾಗುವುದುಂಟು. ವಾಯುಭಾರಮಾಪಕ ಇಲ್ಲದ ಗಡಿಯಾರದ ಎತ್ತರವನ್ನು ತಾಣ ಬದಿಗಿಟ್ಟು, ಓಡಿದ ದಾರಿಯನ್ನು ಭೂನಕ್ಷೆಯ ಮೇಲಿಟ್ಟು ಅಲ್ಲಿಂದ ಎತ್ತರವನ್ನು ಎತ್ತಿಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಘಟ್ಟದಲ್ಲಿ ಹಾಗಲ್ಲ.

ಇಂಥ ಭೂನಕ್ಷೆಗಳಲ್ಲಿ ಅತಿ ಹೆಚ್ಚು ಬಳಕೆಯಾಗಿರುವ ಒಂದು, 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಯಾನದಲ್ಲಿ ರೇಡಾರ್ ಮೂಲಕ ಅಳೆದದ್ದು. ಭೂಭಾಗದ ಶೇಕಡ 80ರಷ್ಟನ್ನು ಅದು ಮೊದಲ ಬಾರಿಗೆ ಒಂದೇ ಅಳತೆಯಲ್ಲಿ ಹಿಡಿದಿಟ್ಟಿತು. ನಿಜಕ್ಕೂ ದೊಡ್ಡ ಸಾಧನೆ. ಆದರೆ ಆ ನಕ್ಷೆಯ ಒಂದು ಚೌಕ ಸುಮಾರು 30 ಮೀಟರ್ ಅಗಲ, ಹಳೆಯ ಆವೃತ್ತಿಯಲ್ಲಿ 90 ಮೀಟರ್. ರೇಡಾರ್ ಕಿರಣಗಳು ದಟ್ಟ ಕಾಡಿನಲ್ಲಿ ನೆಲದವರೆಗೆ ಇಳಿಯದೆ ಮರದ ತಲೆಗಳ ನಡುವೆಯೇ ಹಿಂದಿರುಗುತ್ತವೆ. ಹಾಗಾಗಿ ಆಗುಂಬೆಯಂಥ ಕಾಡಿನಲ್ಲಿ ನಕ್ಷೆಯ ನೆಲವೇ ಹಲವು ಮೀಟರ್ ಮೇಲಿರುತ್ತದೆ. ಕಡಿದಾದ ಇಳಿಜಾರನ್ನು ಕೊರೆದು ಮಾಡಿದ ಘಾಟಿ ರಸ್ತೆಯಲ್ಲಿ ಜಿಪಿಎಸ್ ಹತ್ತು ಮೀಟರ್ ಪಕ್ಕಕ್ಕೆ ಜಾರಿದರೆ ಸಾಕು, ನಕ್ಷೆಯ ಪ್ರಕಾರ ಓಟಗಾರ ಹತ್ತು ಮೀಟರ್ ಮೇಲಿನ ಬಂಡೆಗೋ ಕೆಳಗಿನ ಕಮರಿಗೋ ಹೋಗಿರುತ್ತಾನೆ. ಇನ್ನು ಆಮೇಲೆ ಕಟ್ಟಿದ್ದರ ಸುಳಿವಂತೂ ಅದಕ್ಕಿಲ್ಲ. 2010ರಲ್ಲಿ ತೆರೆದ ಹೊಸೂರು ರಸ್ತೆಯ ಎತ್ತರಿಸಿದ ಹೆದ್ದಾರಿಯಾಗಲಿ, 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ತೆರೆದ ಸಿಗಂದೂರು ಸೇತುವೆಯಾಗಲಿ 2000ದ ನಕ್ಷೆಗೆ ಗೊತ್ತಿರುವುದಾದರೂ ಹೇಗೆ? ವಾಯುಭಾರಮಾಪಕ ಸುಸ್ಥಿತಿಯಲ್ಲಿದ್ದರೆ ಘಟ್ಟದ ದಾರಿಗಳಲ್ಲಿ ತಾಣದ ಎತ್ತರ ತಿದ್ದುವ ಗುಂಡಿಯನ್ನು ಒತ್ತದಿರುವುದೇ ಲೇಸು.

ಮೂವರು ಗೆಳೆಯರು, ಮೂರು ಏರಿಕೆ

ಜೊತೆಯಾಗಿ ಓಡಿದ ಮೂವರ ಗಡಿಯಾರಗಳು ಒಟ್ಟು ಏರಿಕೆಯನ್ನು ಬೇರೆ ಬೇರೆಯಾಗಿ ಹೇಳುವುದು ಅತಿ ಸಾಮಾನ್ಯವಾದ ದೂರು. ಇದರಲ್ಲಿ ಸಂವೇದಕದ ಪಾಲಿಗಿಂತ ಲೆಕ್ಕದ ಪಾಲೇ ದೊಡ್ಡದು. ಗಡಿಯಾರ ಸೆಕೆಂಡಿಗೊಮ್ಮೆ ಎತ್ತರವನ್ನು ಬರೆದುಕೊಂಡರೆ ಒಂದು ಗಂಟೆಯ ಓಟದಲ್ಲಿ 3,600 ದಾಖಲೆಗಳು. ಸಮತಟ್ಟಾದ ದಾರಿಯಲ್ಲೇ ನಿಮಿಷಕ್ಕೊಮ್ಮೆ ಒಂದು ಮೀಟರಿನ ಸುಳ್ಳು ಏರು ನುಸುಳಿದರೂ ಗಂಟೆಯ ಕೊನೆಗೆ 60 ಮೀಟರ್ ಬೆಟ್ಟ ಹತ್ತಿದಂತಾಗುತ್ತದೆ. ಅದಕ್ಕಾಗಿ ತಯಾರಕರು ಸಣ್ಣ ಏರಿಳಿತಗಳನ್ನು ಸೋಸುತ್ತಾರೆ. ಎರಡು ಮೀಟರಿಗಿಂತ ಕಡಿಮೆ ಇದ್ದರೆ ಬಿಡು ಎನ್ನುವುದು ಒಬ್ಬರ ನಿಯಮವಾದರೆ ಇನ್ನೊಬ್ಬರದು ಬೇರೆ. ಸೋಸುವ ಜರಡಿ ದೊಡ್ಡದಾದಷ್ಟೂ ನಿಜವಾದ ಸಣ್ಣ ಏರುಗಳೂ ಕೈಬಿಟ್ಟು ಹೋಗುತ್ತವೆ. ಒಟ್ಟು ಏರಿಕೆಗೆ ಸರಿಯುತ್ತರ ಎಂಬುದೇ ಇಲ್ಲ ಎಂದರೂ ನಡೆದೀತು. ಒಂದೇ ಗಡಿಯಾರದ ಇಂದಿನ ಅಂಕಿಯನ್ನು ಅದರದೇ ನಿನ್ನೆಯ ಅಂಕಿಯ ಜೊತೆ ಹೋಲಿಸಬಹುದು, ಪಕ್ಕದವರದರ ಜೊತೆ ಹೋಲಿಸಿ ಜಗಳವಾಡುವುದು ವ್ಯರ್ಥ.

ತಪ್ಪಿನ ಆಕಾರ ನೋಡಿ ಕಾರಣ ಹುಡುಕುವುದು

ಗಡಿಯಾರ ತಪ್ಪಾಗಿದೆ ಎನ್ನುವುದಕ್ಕಿಂತ ಹೇಗೆ ತಪ್ಪಾಗಿದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ನಕ್ಷೆಯ ಆಕಾರ ಸರಿಯಿದ್ದು ಇಡೀ ಗೆರೆ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಆರಂಭದ ಹೊಂದಾಣಿಕೆ ತಪ್ಪಿದೆ. ಹೊರಡುವ ಆತುರದಲ್ಲಿ ಉಪಗ್ರಹಗಳು ಇನ್ನೂ ಪೂರ್ತಿ ಸಿಗುವ ಮುಂಚೆಯೇ ಗುಂಡಿ ಒತ್ತುವವರಿಗೆ ಇದು ಪದೇ ಪದೇ ಆಗುತ್ತದೆ. ಬಯಲಿನಲ್ಲಿ ಒಂದೆರಡು ನಿಮಿಷ ಕಾದು ಹೊರಟರೆ ನಿವಾರಣೆಯಾಗುತ್ತದೆ. ಹೊರಟ ಜಾಗಕ್ಕೇ ಹಿಂದಿರುಗಿದರೂ ಆರಂಭ ಮತ್ತು ಕೊನೆಯ ಅಂಕಿಗಳು ಕೂಡದಿದ್ದರೆ ಅದು ಹವೆಯ ಕೆಲಸ. ಬೆಳಿಗ್ಗೆ ಆರಕ್ಕೆ ಹೊರಟು ಒಂಬತ್ತಕ್ಕೆ ಮರಳಿದವರಿಗೆ ಕೊನೆಯ ಅಂಕಿ ತುಸು ಕಡಿಮೆ, ಹತ್ತಕ್ಕೆ ಹೊರಟು ನಾಲ್ಕಕ್ಕೆ ಮರಳಿದವರಿಗೆ ಹೆಚ್ಚು. ಬುಡದಲ್ಲಿ ಸರಿಯಿದ್ದು ತುದಿಯಲ್ಲಿ ಮಾತ್ರ ಶೇಕಡ ಐದರಷ್ಟು ಕೊರತೆ ಬಿದ್ದರೆ ಬಿಸಿ ಗಾಳಿ. ಸಮತಟ್ಟು ದಾರಿಯಲ್ಲಿ ಮೆಟ್ಟಿಲುಗಳಂತೆ ಥಟ್ಟನೆ ಜಿಗಿತಗಳಿದ್ದರೆ, ಗಡಿಯಾರ ಓಟದ ನಡುವೆಯೇ ದುರ್ಬಲ ಜಿಪಿಎಸ್ ನಂಬಿ ತನ್ನನ್ನು ತಿದ್ದಿಕೊಳ್ಳುತ್ತಿದೆ ಎಂದರ್ಥ. ದಟ್ಟ ಕಾಡಿನ ಚಾರಣದಲ್ಲಿ ಈ ನಿರಂತರ ತಿದ್ದುಪಡಿಯನ್ನು ನಿಲ್ಲಿಸಿ, ಆರಂಭದಲ್ಲಿ ಮಾತ್ರ ಹೊಂದಿಸಿಕೊಳ್ಳುವಂತೆ ಬದಲಿಸುವುದು ಉತ್ತಮ.

ಕ್ಯಾಲಿಬ್ರೇಷನ್ ಎಂದು ಮೆನುವಿನಲ್ಲಿ ಕಾಣುವ ಈ ಹೊಂದಾಣಿಕೆಗೆ ನಂಬಲರ್ಹವಾದ ಎತ್ತರ ಎಲ್ಲಿ ಸಿಗುತ್ತದೆ? ರೈಲ್ವೆ ನಿಲ್ದಾಣದಲ್ಲಿ. ಪ್ಲಾಟ್‌ಫಾರಂ ತುದಿಯ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎತ್ತರವನ್ನು ಬರೆದಿರುವುದನ್ನು ಎಲ್ಲರೂ ನೋಡಿದ್ದಾರೆ, ಬಳಸಿದವರು ಕಡಿಮೆ. ದೇಶದ ಎತ್ತರಗಳಿಗೆಲ್ಲ ಬುನಾದಿಯಾದ 1909ರ ಸರ್ವೇಕ್ಷಣೆ ಒಂಬತ್ತು ಬಂದರುಗಳಲ್ಲಿ ಅಳೆದ ಸಮುದ್ರ ಮಟ್ಟವನ್ನು ಆಧರಿಸಿತ್ತು. ಅವುಗಳಲ್ಲಿ ಕಾರವಾರವೂ ಒಂದು. ಚಾರಣಕ್ಕೆ ರೈಲಿನಲ್ಲಿ ಹೊರಟವರು ಇಳಿದ ನಿಲ್ದಾಣದಲ್ಲೇ ಗಡಿಯಾರವನ್ನು ಹೊಂದಿಸಿಕೊಳ್ಳಬಹುದು. ಇನ್ನೊಂದು ದಾರಿ ವಿಮಾನ ನಿಲ್ದಾಣಗಳದ್ದು. ಪೈಲಟ್‌ಗಳಿಗಾಗಿ ಅರ್ಧ ಗಂಟೆಗೊಮ್ಮೆ ಪ್ರಕಟವಾಗುವ ಹವಾ ವರದಿಯಲ್ಲಿ ಕ್ಯೂಎನ್‌ಎಚ್ ಎಂಬ ಅಂಕಿಯಿರುತ್ತದೆ. ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ ಅದು. ಸುಂಟೋ ಮೊದಲಾದ ಗಡಿಯಾರಗಳಲ್ಲಿ ಸಮುದ್ರ ಮಟ್ಟದ ಒತ್ತಡ ಕೇಳುವ ಜಾಗದಲ್ಲಿ ಅದನ್ನೇ ತುಂಬಿದರೆ ಎತ್ತರ ತಾನಾಗಿ ಸರಿಹೋಗುತ್ತದೆ. ಊರಿನ ನಿಜ ಒತ್ತಡವನ್ನು ಅಲ್ಲಿ ತುಂಬಬಾರದು. ಬೆಂಗಳೂರಿನಲ್ಲಿ ಅದು 910ರ ಸುಮಾರು, ಸಮುದ್ರ ಮಟ್ಟಕ್ಕೆ ಇಳಿಸಿದ್ದು 1,010ರ ಆಸುಪಾಸು. ಎರಡನ್ನೂ ಬೆರೆಸಿದರೆ ಊರು ಸಮುದ್ರ ಮಟ್ಟಕ್ಕೇ ಇಳಿದುಹೋಗುತ್ತದೆ.

ಹಿಮಾಲಯದಲ್ಲಿ ಒಂದು ರಾತ್ರಿ

ಮೂರು ಸಾವಿರ ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಬೇಕು ಎಂಬುದು ಪರ್ವತ ವೈದ್ಯರ ಸಲಹೆ. ಬೇಸಿಗೆಯ ಚಾರಣದಲ್ಲಿ 2,000ದಿಂದ 4,000 ಮೀಟರಿಗೆ ಏರುವಾಗ ಬಿಸಿ ಗಾಳಿಯ ಕಾರಣದಿಂದಲೇ ಗಡಿಯಾರ ನೂರು ಮೀಟರ್ ಕಡಿಮೆ ಹೇಳಬಹುದು. ಅಷ್ಟರಿಂದಲೇ ಯಾರಿಗೂ ಗಂಡಾಂತರವಿಲ್ಲ. ಫೋನು ನೋಡಿ ಹೊಂದಿಸಿದ ತಪ್ಪು, ಮುಚ್ಚಿದ ರಂಧ್ರ ಎಲ್ಲವೂ ಒಟ್ಟುಗೂಡಿದರೆ ಮಾತ್ರ ಲೆಕ್ಕ ಒಂದು ಶಿಬಿರದಷ್ಟು ಜಾರಬಹುದು. ತಲೆನೋವು, ವಾಕರಿಕೆ ಕಾಣಿಸಿದವರು ಗಡಿಯಾರದ ಅಂಕಿ ನೋಡಿ ಧೈರ್ಯ ತಂದುಕೊಳ್ಳುವುದು ಸರಿಯಲ್ಲ. ಅಲ್ಲಿ ದೇಹದ ಮಾತೇ ಅಂತಿಮ.

ಅದೇ ಗಡಿಯಾರ ಡೇರೆಯಲ್ಲಿ ಮಲಗಿದಾಗ ಬೇರೊಂದು ಉಪಕಾರ ಮಾಡಬಲ್ಲದು. ಆದರೆ ಅದಕ್ಕೊಂದು ಷರತ್ತಿದೆ. ಹಲವು ಗಡಿಯಾರಗಳಲ್ಲಿ ಎತ್ತರ, ವಾಯುಭಾರ ಮತ್ತು ಸ್ವಯಂಚಾಲಿತ ಎಂಬ ಮೂರು ವಿಧಾನಗಳಿರುತ್ತವೆ. ಎತ್ತರದ ವಿಧಾನದಲ್ಲಿ ಒತ್ತಡದ ಪ್ರತಿ ಇಳಿಕೆಯನ್ನೂ ಗಡಿಯಾರ ಏರಿಕೆಯೆಂದೇ ತಿಳಿಯುವುದರಿಂದ ಅದರ ಬಿರುಗಾಳಿ ಎಚ್ಚರಿಕೆ ಮೂಕವಾಗುತ್ತದೆ. ಶಿಬಿರ ತಲುಪಿದೊಡನೆ ವಾಯುಭಾರದ ವಿಧಾನಕ್ಕೆ ಬದಲಿಸಿದರೆ ಆ ಎಚ್ಚರಿಕೆ ಮತ್ತೆ ಬಾಯಿ ಬಿಡುತ್ತದೆ. ಬದಲಿಸಲು ಮರೆತವರಿಗೂ ಹಳೆಯ ಪರ್ವತಾರೋಹಿಗಳ ಒಂದು ಉಪಾಯವಿದೆ. ಮಲಗುವ ಮುನ್ನ ಎತ್ತರ ಎಷ್ಟೆಂದು ಗುರುತು ಹಾಕಿಕೊಂಡು ಬೆಳಿಗ್ಗೆ ಮತ್ತೆ ನೋಡುವುದು. ಡೇರೆ ಕದಲದೆ ಎತ್ತರ ಐವತ್ತು-ಅರವತ್ತು ಮೀಟರ್ ಏರಿದ್ದರೆ ಅದು ದೈನಂದಿನ ಅಲೆಗೆ ಮೀರಿದ್ದು. ಒತ್ತಡ ಕುಸಿದಿದೆ, ಹವೆ ಕೆಡುವ ಸಂಭವವಿದೆ.

ಕೊನೆಯದಾಗಿ, ನಿಜವಾಗಿಯೂ ದುರಸ್ತಿಗೆ ಒಯ್ಯಬೇಕಾದ ಗಡಿಯಾರ ಯಾವುದು? ಪರೀಕ್ಷೆ ಸುಲಭ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಡಿಯಾರವನ್ನು ಗಾಳಿ ಸಹಿತ ಮುಚ್ಚಿ ಮೆಲ್ಲಗೆ ಹಿಸುಕಿದರೆ ಎತ್ತರ ಇಳಿಯಬೇಕು, ಬಿಟ್ಟೊಡನೆ ಮರಳಬೇಕು. ಹತ್ತು ಅಂತಸ್ತಿನ ಕಟ್ಟಡದ ಲಿಫ್ಟಿನಲ್ಲಿ ಮೇಲೆ ಹೋಗಿ ಬಂದರೆ ಸುಮಾರು 30 ಮೀಟರ್ ಏರಿಳಿತ ತೋರಬೇಕು. ಸಂವೇದಕಗಳು ಹಳತಾದಂತೆ ವರ್ಷಕ್ಕೆ ಒಂದು ಹೆಕ್ಟೋಪಾಸ್ಕಲ್‌ನಷ್ಟು ಜಾರುವುದು ಸಹಜ, ಹೊಂದಾಣಿಕೆಯಿಂದ ಅದು ಸರಿಹೋಗುತ್ತದೆ. ತೊಳೆದು ಒಣಗಿಸಿದ ಮೇಲೂ ಹಿಸುಕಿದಾಗ ಅಂಕಿ ಕದಲದಿದ್ದರೆ, ಅಥವಾ ಲಿಫ್ಟಿನಲ್ಲಿ ನೂರಾರು ಮೀಟರ್ ಹಾರಿದರೆ, ರಸೀದಿ ಹುಡುಕುವ ಸಮಯ ಬಂದಿದೆ.